ನಲವತ್ತು ಸುತ್ತು, ಇನ್ನೂರ ನಲವತ್ತು ಮೀಟರ್ ತಂತಿ

ಬೆಳಗಿನ ಏಳೂವರೆ. ಜನವರಿಯ ಶನಿವಾರ, ಬೆಳಕು ಹರಿಯುವುದಕ್ಕೆ ಇನ್ನೂ ಒಂದು ಗಂಟೆ ಇದೆ. ವಿಲ್ಸ್‌ಟೆರ್ಪ್ ಊರಿನ ಹಿಂದೆ, ಹುಲ್ಲುಗಾವಲಿಗೆ ನೀರು ಹಾಯಿಸಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆಯ ಅಂಗಳದ ಅಂಚಿನಲ್ಲಿ ಹಿಲ್ಚೆ ಮಂಡಿಯೂರಿ ಕೂತಿದ್ದಾರೆ. ಹಣೆಗೆ ಪುಟ್ಟ ದೀಪ ಕಟ್ಟಿಕೊಂಡಿದ್ದಾರೆ. ಪಕ್ಕದಲ್ಲಿ ಹಳೆಯದೊಂದು ಮರದ ಜಾರುಬಂಡಿ, ಅದರ ಮೇಲೆ ಕೇಬಲ್ಲಿನ ಉರುಳೆ. ಎಡಗಂಕುಳಲ್ಲಿ, ಮೂರು ಪದರ ಉಣ್ಣೆಯೊಳಗೆ, ಕೇಬಲ್ಲಿನ ತುಂಡುಗಳನ್ನು ಕೂಡಿಸುವ ಬೆರಳುಗಾತ್ರದ ನಾಲ್ಕು ಪ್ಲಗ್ಗುಗಳನ್ನು ಬೆಚ್ಚಗೆ ಇಟ್ಟುಕೊಂಡಿದ್ದಾರೆ.

ಮೈನಸ್ ಆರು ಡಿಗ್ರಿಯಲ್ಲಿ ಪ್ಲಾಸ್ಟಿಕ್ಕು ಬಿಸ್ಕತ್ತಿನ ಹಾಗೆ ಪಟ್ಟನೆ ಮುರಿಯುತ್ತದೆ. ಅದಕ್ಕೇ ಪ್ಲಗ್ಗುಗಳನ್ನು ಒಂದೊಂದಾಗಿ ಹೊರತೆಗೆದು, ಬಿಸಿ ಆರುವುದರೊಳಗೆ ಜೋಡಿಸಿ, ‘ಟಿಕ್’ ಎಂದದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಮುಂದಕ್ಕೆ ಹೋಗುತ್ತಾರೆ. ಅಂಗಳದ ನಡುವೆ ಗಡ್ಡೆಗೆ ರಂಧ್ರ ಕೊರೆದು ದಪ್ಪ ಅಳೆಯುತ್ತಿರುವ ಗೋಸೆ ಅಲ್ಲಿಂದಲೇ ಕೂಗಿ ಕೇಳುತ್ತಾರೆ, “ಮರಿ ಯಾವಾಗ ಹೊರಗೆ ಬರ್ತವೆ, ಹಿಲ್ಚೆ?”

“ನೀನು ನಿನ್ನ ಗಡ್ಡೆ ನೋಡ್ಕೋ. ಮೊಟ್ಟೆ ನಾನು ನೋಡ್ಕೋತೀನಿ.”

ಗೋಸೆ ಈ ಅಂಗಳದ ಹಿಮದ ಯಜಮಾನ. ವಯಸ್ಸು ಎಪ್ಪತ್ತೊಂದು. ಮೂರು ಸೆಂಟಿಮೀಟರ್ ದಪ್ಪ ಆಯಿತು ಎಂದು ಅವರು ಹೇಳದ ಹೊರತು ಯಾರೂ ಗಡ್ಡೆಯ ಮೇಲೆ ಕಾಲಿಡುವಂತಿಲ್ಲ. ನಿನ್ನೆ ಸಂಜೆ ಹೇಳಿದ್ದಾರೆ. ಎರಡು ಚಳಿಗಾಲ ಬರೀ ಮಳೆ ಕಂಡಿದ್ದ ಊರು ಅದನ್ನು ಕೇಳಿ ಅಟ್ಟದಿಂದ ಸ್ಕೇಟು ಇಳಿಸಿಕೊಂಡಿದೆ. ಇಂದು ಹತ್ತು ಗಂಟೆಗೆ ಹೆಂಗಸರ ನಲವತ್ತು ಸುತ್ತಿನ ಓಟ. ಮಧ್ಯಾಹ್ನ ದಕ್ಷಿಣದ ಬೆಚ್ಚನೆ ಗಾಳಿ ಬೀಸುತ್ತದಂತೆ, ನಾಳೆಗೆ ಈ ಗಡ್ಡೆ ಇರುವುದಿಲ್ಲ.

ಪತ್ರಿಕೆಗಳಲ್ಲಿ ಗೆದ್ದವರ ಚಿತ್ರ ಬರುತ್ತದೆ, ಕೆಲವೊಮ್ಮೆ ಗೋಸೆಯ ಮೀಸೆಯ ಚಿತ್ರವೂ ಬರುತ್ತದೆ. ಓಡುವವರಿಗೆ ಇನ್ನೆಷ್ಟು ಸುತ್ತು ಉಳಿದಿವೆ ಎಂದು ಹೇಳುವ ಅಂಕಿಯ ಹಲಗೆಯ ಹಿಂದೆ ಅರವತ್ಮೂರು ವರ್ಷದ ಒಬ್ಬ ಹೆಂಗಸು ಇದ್ದಾರೆ ಎಂಬುದು ಊರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕೆಲಸ ಹೇಳುವುದಕ್ಕೆ ಸುಲಭ. ತೀರ್ಪುಗಾರರ ಮರದ ಗೂಡಿನಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಮೈಕ್ರೋಕಂಟ್ರೋಲರ್, ಅಂದರೆ ಲೆಕ್ಕ ಇಡುವ ಚಿಪ್ಪು. ಮುಂದಿರುವ ಓಟಗಾರ್ತಿ ಗೆರೆ ದಾಟಿದಾಗಲೆಲ್ಲ ತೀರ್ಪುಗಾರರು ಗುಂಡಿ ಒತ್ತುತ್ತಾರೆ, ಅದು ಒಂದನ್ನು ಕಳೆಯುತ್ತದೆ. ಆ ಲೆಕ್ಕ ಅಂಗಳದ ಆಚೆ ಬದಿಯಲ್ಲಿ, ಆಳೆತ್ತರದ ಹಲಗೆಯ ಮೇಲೆ ಕೆಂಪು ಅಂಕಿಯಾಗಿ ಮೂಡಬೇಕು. ಗಡ್ಡೆಯ ಮೇಲೆ ತಂತಿ ಹಾಯಿಸುವಂತಿಲ್ಲವಾದ್ದರಿಂದ ಅದು ಅಂಚನ್ನೇ ಹಿಡಿದು, ಸೂಪಿನ ಡೇರೆಯ ಹಿಂದಿನಿಂದ ಬಳಸಿಕೊಂಡು ಹೋಗಬೇಕು. ಇನ್ನೂರ ನಲವತ್ತು ಮೀಟರ್.

“ಆ ಪುಟ್ಟ ಚಿಪ್ಪು ಪಿಸುಮಾತಾಡುತ್ತೆ. ಗೇಣುದೂರದಲ್ಲಿರೋರಿಗೆ ಮಾತ್ರ ಕೇಳಿಸುತ್ತೆ” ಎನ್ನುತ್ತಾರೆ ಹಿಲ್ಚೆ. ಒಂಬತ್ತು ವರ್ಷದ ಹಿಂದೆ ಅವರು ಅಂಗಡಿಯಿಂದ ತಂದ ಅಂಕಿಯ ಹಲಗೆಯ ತಂತಿಗಳನ್ನೇ ಉದ್ದ ಮಾಡಿ ಕಟ್ಟಿ ನೋಡಿದ್ದರು. ಮೊದಲ ಸುತ್ತಿಗೇ ಹಲಗೆ ಎಂಬತ್ತೆಂಟು ಎಂದಿತು. ಓಡುತ್ತಿದ್ದವರು ಹೆದರಿ ನಿಂತರೆಂದು ಗೋಸೆ ಈಗಲೂ ಹೇಳಿಕೊಂಡು ನಗುತ್ತಾರೆ. ಆಮೇಲೆ ಹಿಲ್ಚೆ ಎರಡೂ ತುದಿಗೆ ಒಂದೊಂದು ಚಿಪ್ಪು ಬೆಸೆದು, ಒಂದೇ ಮಾತನ್ನು ಎರಡು ತಂತಿಗಳಲ್ಲಿ ಕಳಿಸುವ ಹಾಗೆ ಮಾಡಿದರು. ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಆ ಎರಡನ್ನೂ ಜಡೆಯಂತೆ ಒಂದಕ್ಕೊಂದು ಹೊಸೆದಿರುವುದರಿಂದ ದಾರಿಯಲ್ಲಿ ಬೀಳುವ ವಿದ್ಯುತ್ತಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಆಚೆ ತುದಿಯ ಚಿಪ್ಪು ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನೋಡುತ್ತದೆ, ಗದ್ದಲ ತಾನಾಗಿ ಕಳೆದುಹೋಗುತ್ತದೆ.

ತಂತಿಯೇ ಬೇಡ, ಗಾಳಿಯಲ್ಲೇ ಕಳಿಸಬಾರದೆ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಅವರಿಗೆ ಹಿಲ್ಚೆಯ ಉತ್ತರ ಸಿದ್ಧವಾಗಿದೆ. “ತಂತಿ ಇದ್ರೆ ಎಲ್ಲಿ ಕೆಟ್ಟಿದೆ ಅಂತ ನಡ್ಕೊಂಡು ಹೋಗಿ ನೋಡಬಹುದು. ಗಾಳೀಲಿ ಎಲ್ಲಿಗೆ ಅಂತ ನಡೀಲಿ?”

ಅವರ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು. ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಅವರ ಮೇಜು. ತಾಂತ್ರಿಕ ಶಾಲೆಯ ತರಗತಿಯಲ್ಲಿ ಹಿಲ್ಚೆ ಒಬ್ಬಳೇ ಹುಡುಗಿ. ಬೆಸುಗೆ ಹಾಕುವ ಪಾಠದ ದಿನ ಮೇಷ್ಟ್ರು ಅವಳನ್ನು ಕಿಟಕಿ ತೆರೆಯುವ ಕೆಲಸಕ್ಕೆ ಹಚ್ಚಿದ್ದರಂತೆ. ಕಿಟಕಿ ತೆರೆದು ಬಂದು, ಎಲ್ಲರಿಗಿಂತ ಮೊದಲು ಬೆಸುಗೆ ಮುಗಿಸಿದ್ದಳು. ಆಮೇಲೆ ಮೂವತ್ತನಾಲ್ಕು ವರ್ಷ ಹಾಲು ಕರೆಯುವ ಯಂತ್ರಗಳ ರಿಪೇರಿ. ಹಸುವಿನ ಕೆಚ್ಚಲು ಯಾರಿಗೂ ಕಾಯುವುದಿಲ್ಲ. ಬೆಳಗಿನ ನಾಲ್ಕಕ್ಕೆ ಫೋನು ಬಂದರೆ ಐದಕ್ಕೆ ಕೊಟ್ಟಿಗೆಯಲ್ಲಿ ಇರಲೇಬೇಕು. ಬೆರಳ ತುದಿಗಳು ಈಗ ಬಿಸಿಯನ್ನೂ ಚಳಿಯನ್ನೂ ಅಷ್ಟಾಗಿ ಗುರುತಿಸುವುದಿಲ್ಲ. ಎರಡು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದ್ದಾರೆ. ಹಲಗೆಯ ಕೆಲಸಕ್ಕೆ ಸಂಬಳವಿಲ್ಲ; ಓಟದ ದಿನ ಒಂದು ಬಟ್ಟಲು ಬಟಾಣಿ ಸೂಪು, ರೈ ಬ್ರೆಡ್ಡಿನ ಎರಡು ಹೋಳು. ಸೂಪು ಮಾಡುವವರು ಅವರ ಗಂಡ ಏಲ್ಕೆಯೇ ಆದ್ದರಿಂದ ಅದೂ ಮನೆಯದೇ ಊಟ.

ಎಂಬತ್ತೆಂಟು ತೋರಿಸಿದ ಆ ದಿನ ಬಿಟ್ಟರೆ, ಒಂಬತ್ತು ವರ್ಷಗಳಲ್ಲಿ ಗಡ್ಡೆ ಕಟ್ಟಿದ್ದು ಹನ್ನೊಂದು ದಿನ. ಆ ಹನ್ನೊಂದರಲ್ಲಿ ಹತ್ತು ದಿನ ಹಲಗೆ ಸರಿಯಾಗಿ ನಡೆದಿದೆ. ಹಿಲ್ಚೆ ಮಾತಾಡುವುದು ಆ ಉಳಿದ ಒಂದು ದಿನದ ಬಗ್ಗೆ.

ಮೂರು ವರ್ಷದ ಹಿಂದಿನ ಓಟ ಅದು. ಬೇಕರಿಯ ಮನೆಯ ರೀಮ್ಕೆ ಮೊದಲ ಮೂವರಲ್ಲಿದ್ದಳು. ಆಗ ಅವಳಿಗೆ ಇಪ್ಪತ್ತಮೂರು. ಹುಟ್ಟಿನಿಂದ ಕಿವಿ ಕೇಳಿಸದು. ತುಟಿ ನೋಡಿ ಮಾತು ತಿಳಿಯುತ್ತಾಳೆ, ತನ್ನದೇ ದನಿಯಲ್ಲಿ ನಿಧಾನವಾಗಿ ಮಾತಾಡುತ್ತಾಳೆ. ಇನ್ನು ಏಳು ಸುತ್ತು ಇದೆ ಎಂದಾಗ ಹಲಗೆ ಏಳರಲ್ಲೇ ನಿಂತುಬಿಟ್ಟಿತು. ಉಳಿದವರಿಗೆ ಧ್ವನಿವರ್ಧಕವಿತ್ತು, ಕೊನೆಯ ಸುತ್ತಿನ ಗಂಟೆಯಿತ್ತು. ರೀಮ್ಕೆಗೆ ಹಲಗೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಂಕಿ ಬದಲಾಗದ್ದು ಕಂಡು ತಾನೇ ಎಣಿಸತೊಡಗಿದಳು, ಒಂದು ಸುತ್ತು ತಪ್ಪಿತು. ಜೊತೆಯವರು ಕೊನೆಯ ವೇಗ ಹಾಕಿ ಗೆರೆ ದಾಟಿದರು. ಅವಳು ಇನ್ನೂ ಒಂದು ಸುತ್ತಿದೆ ಎಂದು ಬಲ ಉಳಿಸಿಕೊಂಡೇ ಬಂದಳು. ಬಂದವಳು ನಿಲ್ಲಲಿಲ್ಲ, ಈಗ ಬಗ್ಗಿ ಜೋರಾಗಿ ಹೊರಟಳು. ಖಾಲಿ ಅಂಗಳದಲ್ಲಿ ಒಬ್ಬಳೇ ಇಡೀ ಒಂದು ಸುತ್ತು ಓಡಿದಳು. ಜನ ಮೊದಲು ನಕ್ಕರು. ಏಕೆಂದು ತಿಳಿದ ಮೇಲೆ ತಲೆ ತಗ್ಗಿಸಿದರು.

ಮಾರನೆಯ ದಿನ ರೀಮ್ಕೆ ಸಕ್ಕರೆ ಬ್ರೆಡ್ಡು ಹಿಡಿದು ಹಿಲ್ಚೆಯ ಬಾಗಿಲಿಗೆ ಬಂದಳು. ಸಿಟ್ಟಿಲ್ಲ ಎಂದು ಹೇಳುವುದಕ್ಕೇ ಬಂದಿದ್ದಳು. ಹೋಗುವ ಮುಂಚೆ ಒಂದೇ ಒಂದು ಮಾತು ಕೇಳಿಕೊಂಡಳು.

“ಮ್ವೈಕೆ ಹಿಲ್ಚೆ, ಹಲಗೆಗೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ತೋರಿಸಲಿ. ಹಳೇ ಅಂಕಿ ಹಿಡ್ಕೊಂಡು ನಿಂತ್ಕೋಬಾರದು.”

ಮ್ವೈಕೆ ಎಂದರೆ ಆ ಕಡೆಯ ಮಾತಿನಲ್ಲಿ ಚಿಕ್ಕಮ್ಮ. ಆ ದಿನ ಬ್ರೆಡ್ಡನ್ನು ಹಾಗೆಯೇ ಬಿಟ್ಟು ಕೆಲಸದ ಮೇಜಿಗೆ ಹೋದೆ ಎನ್ನುತ್ತಾರೆ ಹಿಲ್ಚೆ. ಮೂವತ್ತನಾಲ್ಕು ವರ್ಷ ರಿಪೇರಿ ಮಾಡಿದ ತನಗೆ ಹೊಳೆಯದ್ದು ಆ ಹುಡುಗಿಗೆ ಹೊಳೆದಿತ್ತು. ಅದೇ ವಾರ ಹಲಗೆಯ ಕಡೆಯ ಚಿಪ್ಪಿಗೆ ಹೊಸ ಪಾಠ ಕಲಿಸಿದರು. ಎರಡು ಸೆಕೆಂಡು ಸರಿಯಾದ ಸುದ್ದಿ ಬಾರದಿದ್ದರೆ ಅಂಕಿ ಅಳಿಸಿ ಎರಡು ಅಡ್ಡಗೆರೆ ತೋರಿಸಬೇಕು.

ಆದರೆ ಹಲಗೆ ನಿಂತದ್ದು ಏಕೆಂಬುದು ಮಾತ್ರ ಸಿಕ್ಕಲಿಲ್ಲ. ಕೇಬಲ್ಲಿನ ಒಳಗೆ ಎಂಟು ತಂತಿ, ಎರಡೆರಡು ಹೊಸೆದ ನಾಲ್ಕು ಜೋಡಿ. ಪರೀಕ್ಷೆಯ ಪೆಟ್ಟಿಗೆಗೆ ಸಿಕ್ಕಿಸಿದರೆ ಎಂಟೂ ದೀಪ ಹತ್ತುತ್ತಿದ್ದವು. ಮನೆಯ ಅಟ್ಟದಲ್ಲಿ ಹಾಸಿ ನೋಡಿದರು, ದಿಣ್ಣೆಯ ಮೇಲೆ ಎಳೆದು ನೋಡಿದರು, ಒಂದು ಅಂಕಿಯೂ ತಪ್ಪಲಿಲ್ಲ. ಕೊನೆಗೆ ಜುಲೈ ತಿಂಗಳಲ್ಲಿ, ಓಟದ ದಿನ ಏನೇನಿತ್ತೋ ಅಷ್ಟನ್ನೂ ಅದೇ ಹುಲ್ಲುಗಾವಲಿನಲ್ಲಿ ಮತ್ತೆ ಹೂಡುವುದೆಂದು ತೀರ್ಮಾನಿಸಿದರು. ಜನರೇಟರು ಬಂತು, ಧ್ವನಿವರ್ಧಕ ಬಂತು, ಏಲ್ಕೆಯ ಸೂಪಿನ ವಿದ್ಯುತ್ ಒಲೆಯೂ ಬಂತು. ಖಾಲಿ ಒಲೆ ಒಮ್ಮೆ ಕಾದರೆ ಆರಿಕೊಂಡು ಕೂತುಬಿಡುತ್ತದೆ. ಹತ್ತಿ ಆರಿ, ಹತ್ತಿ ಆರಿ ನಡೆಯಬೇಕಾದರೆ ಮೇಲೆ ನಲವತ್ತು ಲೀಟರ್ ಸೂಪು ಇರಲೇಬೇಕು.

ಅಂದು ಬಿಸಿಲು ಇಪ್ಪತ್ತೊಂಬತ್ತು ಡಿಗ್ರಿ. ಏಲ್ಕೆ ಬರಿ ಬನಿಯನ್ನಿನಲ್ಲಿ ನಿಂತು ಸೂಪು ತಿರುವುತ್ತಿದ್ದರು. ದಾರಿಯಲ್ಲಿ ಸೈಕಲ್ ಹೊಡೆಯುತ್ತಿದ್ದವರು ಇಳಿದು ಯಾರ ಮನೆಯ ಮದುವೆ ಎಂದು ವಿಚಾರಿಸಿದರು. ಸುದ್ದಿ ಹರಡಿ ಅರ್ಧ ಊರು ಬಟ್ಟಲು ಹಿಡಿದು ಬಂತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತ, ಮೂಗು ಸುಟ್ಟುಕೊಳ್ಳುತ್ತ ಬಟಾಣಿ ಸೂಪು ಕುಡಿದರು. ಗೋಸೆಯಂತೂ ಹುಲ್ಲಿಗೆ ಅಳತೆಕೋಲು ಚುಚ್ಚಿ, ಇಂದಿನ ಗಡ್ಡೆ ಸೊನ್ನೆ ಸೆಂಟಿಮೀಟರ್, ಯಾರೂ ಕಾಲಿಡಬೇಡಿ ಎಂದು ಸಾರಿದರು. ಮೂರನೆಯ ಬಟ್ಟಲಿನ ಹೊತ್ತಿಗೆ ಒಲೆ ‘ಕಟ್’ ಎಂದಿತು, ಹಲಗೆಯ ಮೇಲೆ ಎರಡು ಅಡ್ಡಗೆರೆ ಮೂಡಿದವು. ಹಿಲ್ಚೆ ಕುಣಿದಾಡಿಬಿಟ್ಟರಂತೆ.

“ನನ್ನ ಸೂಪಿನ ಮೇಲೆ ಹಾಕಬೇಡ” ಎಂದರು ಏಲ್ಕೆ.

“ಸೂಪಿನ ತಪ್ಪಲ್ಲ, ಮಾರಾಯ. ನಂದೇ.”

ತಪ್ಪು ಇದ್ದದ್ದು ಡೇರೆಯ ಹಿಂದೆ ಹಾದುಹೋಗುವ ಮೂವತ್ತು ಮೀಟರಿನ ತುಂಡಿನಲ್ಲಿ. ಗೋದಾಮಿನಲ್ಲಿ ಇಲಿ ಕಡಿದಿದ್ದ ಭಾಗ ಕತ್ತರಿಸಿ, ಓಟಕ್ಕೆ ಮುಂಚೆ ಹಿಲ್ಚೆಯೇ ಹೊಸ ತುಂಡು ಬೆಸೆದಿದ್ದರು. ಹಣೆಯ ದೀಪದ ಹಳದಿ ಬೆಳಕಿನಲ್ಲಿ ಕಿತ್ತಳೆ ಪಟ್ಟೆಯ ಬಿಳಿ ತಂತಿ, ಕಂದು ಪಟ್ಟೆಯ ಬಿಳಿ ತಂತಿ ಎರಡೂ ಒಂದೇ ಥರ ಕಂಡಿದ್ದವು. ಈ ತುದಿಯಲ್ಲಿ ಅದಲುಬದಲು ಮಾಡಿದರು, ಆ ತುದಿಯಲ್ಲೂ ಹಾಗೆಯೇ ಮಾಡಿದರು. ಎರಡು ಸಲ ತಪ್ಪಿದ್ದರಿಂದ ಪ್ರತಿ ತಂತಿಯೂ ತನ್ನ ಜಾಗಕ್ಕೇ ತಲುಪುತ್ತಿತ್ತು, ಪರೀಕ್ಷೆಯ ದೀಪಗಳೂ ಹತ್ತುತ್ತಿದ್ದವು. ಆದರೆ ಆ ಮೂವತ್ತು ಮೀಟರಿನಲ್ಲಿ ಮಾತು ಹೊತ್ತ ಎರಡು ತಂತಿಗಳು ಒಂದಕ್ಕೊಂದು ಹೊಸೆದುಕೊಂಡಿರಲಿಲ್ಲ. ಬೇರೆಯವರ ಜೊತೆ ಸುತ್ತಿಕೊಂಡು ಹೋಗುತ್ತಿದ್ದವು. ಒಲೆಯ ಗದ್ದಲ ಒಂದರ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ ಬಿದ್ದು, ಆಚೆಯ ಚಿಪ್ಪು ಗಲಿಬಿಲಿಯಾಗಿ ಕೂತುಬಿಟ್ಟಿತ್ತು.

“ಬಣ್ಣ ನೋಡೋ ಮುಂಚೆ ಜಡೆ ನೋಡಬೇಕಾಗಿತ್ತು. ನಾನು ಬಣ್ಣ ನಂಬಿದೆ” ಎನ್ನುತ್ತಾರೆ. ಕಣ್ಣಿನ ಪೊರೆ ತೆಗೆಸಿದ್ದು ಆ ಮೇಲೆಯೇ.

ತಪ್ಪು ಸಿಕ್ಕಿದರೂ ಅದನ್ನು ಸರಿ ಎಂದು ತೋರಿಸಲು ಗಡ್ಡೆ ಬೇಕಲ್ಲ. ಎರಡು ಚಳಿಗಾಲ ಮಳೆಯಲ್ಲೇ ಹೋದವು. ರೀಮ್ಕೆ ಬೇರೆ ಊರಿನ ಒಳಾಂಗಣದಲ್ಲಿ ಓಡಿದಳು. ಈ ವಾರ ಗೋಸೆ, ಗಡ್ಡೆ ಕಟ್ಟಿದರೆ ಶನಿವಾರ ಓಟ ಎಂದು ಸಾರಿದಾಗ ಹದಿನೆಂಟು ಹೆಸರಿನ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಆ ದಿನದಿಂದ ಹಿಲ್ಚೆಗೆ ನಿದ್ದೆ ಸರಿಯಾಗಿ ಬಂದಿಲ್ಲ ಎಂದು ಏಲ್ಕೆ ದೂರುತ್ತಾರೆ. ಅಡುಗೆಮನೆಯಿಂದ ಅಟ್ಟದವರೆಗೂ ತಂತಿ ಹಾಸಿದೆಯಂತೆ, ಕಾಲಿಟ್ಟಲ್ಲೆಲ್ಲ ತೊಡರುತ್ತದಂತೆ.

ಹತ್ತಕ್ಕೆ ಐದು ನಿಮಿಷ. ಬಿಸಿಲು ಗಡ್ಡೆಯ ಮೇಲೆ ಬೆಳ್ಳಗೆ ಹರಡಿದೆ. ಅಂಗಳದ ಸುತ್ತಲಿನ ಕಟ್ಟೆಯ ತುಂಬ ಟೋಪಿಗಳು, ಬಿಸಿ ಚಾಕೊಲೇಟಿನ ಲೋಟಗಳು. ಹಿಲ್ಚೆ ಪೆಟ್ಟಿಗೆಯ ಪಕ್ಕ ನಿಂತು ದುರ್ಬೀನಿನಲ್ಲಿ ಆಚೆಯ ಹಲಗೆ ನೋಡುತ್ತಾರೆ. ನಲವತ್ತು ಎಂದಿದೆ. ಪಿಸ್ತೂಲಿನ ಸದ್ದಾಗುತ್ತದೆ. ರೀಮ್ಕೆ ಸದ್ದಿಗೆ ಕಾಯುವುದಿಲ್ಲ, ಹೊಗೆ ಕಂಡೊಡನೆ ಹೊರಡುತ್ತಾಳೆ.

ಮೂವತ್ತೊಂಬತ್ತು. ಮೂವತ್ತೆಂಟು. ಸುತ್ತಿಗೆ ಅರ್ಧ ನಿಮಿಷದಂತೆ ಅಂಕಿ ಇಳಿಯುತ್ತದೆ. ಸೂಪಿನ ಒಲೆ ಹತ್ತುತ್ತದೆ, ಆರುತ್ತದೆ, ಹಲಗೆ ತಪ್ಪುವುದಿಲ್ಲ. ಇಪ್ಪತ್ತರ ಹೊತ್ತಿಗೆ ಗುಂಪು ಒಡೆದು ಐವರು ಮುಂದಾಗುತ್ತಾರೆ, ಐವರಲ್ಲಿ ರೀಮ್ಕೆ ಇದ್ದಾಳೆ. ಹಿಲ್ಚೆಯ ತುಟಿ ಎಣಿಸುತ್ತಲೇ ಇದೆ. ಹನ್ನೊಂದು. ಹತ್ತು. ಒಂಬತ್ತು.

ಒಂಬತ್ತರ ನಂತರ ಎರಡು ಅಡ್ಡಗೆರೆ.

ಹಿಲ್ಚೆ ದುರ್ಬೀನು ಕೆಳಗಿಟ್ಟು ಓಡುತ್ತಾರೆ. ಅಂಗಳ ದಾಟುವಂತಿಲ್ಲ, ಕೇಬಲ್ಲಿನ ಜಾಡು ಹಿಡಿದೇ ಓಡಬೇಕು. ಅರವತ್ಮೂರರ ಕಾಲು, ಉಣ್ಣೆಯ ಮೂರು ಪದರ, ಜಾರುವ ಹುಲ್ಲು. ಓಡುತ್ತಲೇ ಗಡ್ಡೆಯತ್ತ ನೋಡುತ್ತಾರೆ. ರೀಮ್ಕೆ ತಲೆ ಎತ್ತಿ ಹಲಗೆ ನೋಡುತ್ತಾಳೆ, ಗೆರೆಗಳನ್ನು ಕಾಣುತ್ತಾಳೆ. ಈ ಸಲ ಅವಳು ತಬ್ಬಿಬ್ಬಾಗುವುದಿಲ್ಲ. ಹಲಗೆ ತನಗೆ ಗೊತ್ತಿಲ್ಲ ಎಂದು ಹೇಳಿದೆ. ಬೆನ್ನ ಹಿಂದೆ ಕಟ್ಟಿದ ಕೈಯಲ್ಲಿ ಒಂದು ಬೆರಳು ಮಡಿಸುತ್ತಾಳೆ, ಮುಂದಿನವಳ ಬೆನ್ನಿಗೆ ಅಂಟಿಕೊಳ್ಳುತ್ತಾಳೆ. ಮುಂದಿನ ಸುತ್ತಿಗೆ ಇನ್ನೊಂದು ಬೆರಳು.

ಡೇರೆಯ ಆಚೆ, ಎರಡು ತುಂಡು ಕೇಬಲ್ಲು ಕೂಡುವ ಕಡೆ, ಗೋಸೆ ಹಿಮದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಯಾರೋ ಕೂಸಿನ ತಳ್ಳುಗಾಡಿಯನ್ನು ಕೇಬಲ್ಲಿನ ಮೇಲೆ ಹಾಯಿಸಿದ್ದಾರೆ, ಪ್ಲಗ್ಗಿನ ಕೊಂಡಿ ಮುರಿದು ಎರಡು ತುಂಡೂ ಬೇರೆಯಾಗಿವೆ. ಅಲ್ಲೇ ನಿಂತಿದ್ದ ಗೋಸೆ ಹಲಗೆಯ ಗೆರೆ ನೋಡಿದವರೇ ಪೊರಕೆ ಎಸೆದು ಬಂದಿದ್ದಾರೆ. ದಪ್ಪ ಕೈಗವಸಿನಲ್ಲಿ ಪ್ಲಗ್ಗು ಹಿಡಿಯಲಾಗದೆ ಗವಸನ್ನೂ ಕಿತ್ತೆಸೆದು, ಬರಿಗೈಯಲ್ಲಿ ಎರಡನ್ನೂ ಒತ್ತಿ ಹಿಡಿದಿದ್ದಾರೆ. ಹಲಗೆಯ ಮೇಲೆ ಏಳು ಮೂಡಿದೆ.

ಹಿಲ್ಚೆ ಅಂಟುಪಟ್ಟಿ ತೆಗೆದು ಬಗ್ಗುತ್ತಾರೆ. ಗೋಸೆ ತಲೆಯಾಡಿಸುತ್ತಾರೆ.

“ಮುಟ್ಟಬೇಡ. ಬಿಟ್ರೆ ಹೋಗುತ್ತೆ.”

“ಕೈ ಮರಗಟ್ಟುತ್ತೆ, ಗೋಸೆ. ಇನ್ನೂ ಏಳು ಸುತ್ತಿದೆ.”

“ಮೊಟ್ಟೆಗೆ ಕಾವು ಕೊಡೋದು ನಿನ್ನೊಬ್ಬಳಿಗೇ ಬರುತ್ತೆ ಅಂದ್ಕೊಂಡ್ಯಾ? ಹೋಗು, ಓಟ ನೋಡು.”

ಹಿಲ್ಚೆ ಹೋಗುವುದಿಲ್ಲ. ಗೋಸೆಗೆ ಗಾಳಿ ತಾಗದಂತೆ ತಾವು ಅಡ್ಡ ಕೂತು, ತಮ್ಮ ಕೊರಳಿನ ಉಣ್ಣೆಯ ಪಟ್ಟಿ ಬಿಚ್ಚಿ ಆ ಮುದಿ ಕೈಗಳ ಸುತ್ತ ಸುತ್ತುತ್ತಾರೆ. ಆರು. ಐದು. ಡೇರೆಯಿಂದ ಏಲ್ಕೆ ಒಂದು ಬಟ್ಟಲು ಸೂಪು ತಂದು, ಕುಡಿಯಲು ಕೈ ಖಾಲಿ ಇಲ್ಲದ ಗೋಸೆಗೆ ಚಮಚದಲ್ಲಿ ಕುಡಿಸುತ್ತಾರೆ. ಜುಲೈಯದೇ ಚೆನ್ನಾಗಿತ್ತು ಎಂದು ಗೋಸೆ ಬಾಯಿ ಚಪ್ಪರಿಸುತ್ತ ಹೇಳುತ್ತಾರೆ. ಮೂರು. ಎರಡು.

ಒಂದು ಎಂದು ಹಲಗೆ ತೋರಿಸಿದಾಗ ಗಂಟೆ ಬಾರಿಸುತ್ತದೆ. ಗಂಟೆಗಿಂತ ಒಂದು ಚೂರು ಮೊದಲೇ, ಗೆರೆಯ ಬಳಿ, ರೀಮ್ಕೆಯ ಎರಡೂ ಕೈ ಬೆನ್ನು ಬಿಟ್ಟು ಬೀಸತೊಡಗುತ್ತವೆ. ಜನ ಎದ್ದು ನಿಲ್ಲುತ್ತಾರೆ. ಕೂತಿರುವ ಮೂವರಿಗೆ ಕಾಣುವುದು ಬೆನ್ನುಗಳು, ಟೋಪಿಗಳು, ಅವುಗಳ ಮೇಲೆ ಕೆಂಪು ಅಂಕಿ. ಅದು ಸೊನ್ನೆಯಾಗುತ್ತದೆ. ಗೋಸೆ ಆಗ ಬೆರಳು ಸಡಿಲಿಸುತ್ತಾರೆ, ಅದೂ ಒಂದೊಂದಾಗಿ.

ರೀಮ್ಕೆ ಮೂರನೆಯವಳು. ಗೆದ್ದವಳಿಗೂ ಅವಳಿಗೂ ನಡುವೆ ಒಂದು ಸ್ಕೇಟಿನ ಅಲಗಿನಷ್ಟು ಅಂತರ ಎಂದು ತೀರ್ಪುಗಾರರು ಹೇಳುತ್ತಾರೆ. ಕೊರಳಿಗೆ ಹಾರ ಬೀಳುವ ಮುಂಚೆ ಅವಳು ಸ್ಕೇಟಿನಲ್ಲೇ ಹುಲ್ಲಿನ ಮೇಲೆ ಕುಂಟುತ್ತ ಡೇರೆಯ ಹಿಂದಕ್ಕೆ ಬರುತ್ತಾಳೆ. ಮುಖವೆಲ್ಲ ಕೆಂಪು, ಹುಬ್ಬಿನ ಮೇಲೆ ಹಿಮ. ಹಿಲ್ಚೆ ಅವಳಿಗೆ ತುಟಿ ಕಾಣುವಂತೆ ಎದುರಿಗೆ ನಿಂತು, ಎರಡು ಸುತ್ತು ಹಲಗೆ ಹೋಗಿಬಿಟ್ಟಿತು, ಕ್ಷಮಿಸು ಎಂದು ಹೇಳತೊಡಗುತ್ತಾರೆ. ರೀಮ್ಕೆ ಅವರ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

“ಹೋಗಿದೆ ಅಂತ ಅದೇ ಹೇಳ್ತಲ್ಲ, ಮ್ವೈಕೆ. ಈ ಸಲ ನನ್ನನ್ನ ಸೋಲಿಸಿದ್ದು ಬರೀ ನನ್ನ ಕಾಲು.” ಹೇಳಿ ನಗುತ್ತಾಳೆ, ಗೋಸೆಯ ಕೆಂಪಾದ ಬೆರಳುಗಳನ್ನು ನೋಡಿ ನಗು ನಿಲ್ಲಿಸಿ, ಅವನ್ನು ತನ್ನ ಬಿಸಿಯಾದ ಕೊರಳಿಗೆ ಒತ್ತಿಕೊಳ್ಳುತ್ತಾಳೆ. ಗೋಸೆ, ಎಲ್ಲಿ ನೋಡುವುದೆಂದು ತೋಚದೆ, ಮೋಡ ನೋಡುತ್ತಾರೆ.

ಮಧ್ಯಾಹ್ನ ಹೇಳಿದಂತೆಯೇ ಗಾಳಿ ತಿರುಗಿದೆ. ಗಡ್ಡೆಯ ಮೇಲೆ ತೆಳ್ಳಗೆ ನೀರು ನಿಂತಿದೆ. ಜನ ಮನೆಗೆ ಹೋದ ಮೇಲೆ ಹಿಲ್ಚೆ ಕೇಬಲ್ಲು ಸುತ್ತುತ್ತಿದ್ದಾರೆ. ಎಂಟೆಂಟು ಹೆಜ್ಜೆಗೊಮ್ಮೆ ನಿಂತು ಬಟ್ಟೆಯಿಂದ ಒದ್ದೆ ಒರೆಸುತ್ತಾರೆ. ಮುಂದಿನ ಸಲಕ್ಕೆ ತಿರುಪು ಇರುವ ಲೋಹದ ಪ್ಲಗ್ಗು ಹಾಕಬೇಕು, ತಳ್ಳುಗಾಡಿ ದಾಟುವ ಕಡೆ ಮೇಲೊಂದು ಮರದ ತುಂಡು ಮುಚ್ಚಬೇಕು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಕೊನೆಯ ಸುತ್ತು ಹೇಗಿತ್ತು, ರೀಮ್ಕೆ ಯಾವ ತಿರುವಿನಲ್ಲಿ ನುಗ್ಗಿದಳು ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ.

“ಒಂಬತ್ತು ವರ್ಷದಿಂದ ನಾನು ಹಲಗೇನೇ ನೋಡ್ತಾ ಇದೀನಿ” ಎನ್ನುತ್ತಾರೆ ಹಿಲ್ಚೆ, ಉರುಳೆಯ ಹಿಡಿ ತಿರುಗಿಸುತ್ತ. “ಇನ್ನೊಂದು ಸಲ ಗಡ್ಡೆ ಕಟ್ಟಿದ್ರೆ, ಎಲ್ಲರ ಥರ ಕಟ್ಟೆ ಮೇಲೆ ಕೂತು, ಒಂದೇ ಒಂದು ಓಟ ನೋಡಬೇಕು ಅಂತ ಆಸೆ.”